ಚಿಕ್ಕಪ್ಪನ ಪೆಟ್ಟಿಗೆಯಲ್ಲಿದ್ದ ಸ್ಪೂಲು

ಮೈಸೂರಿನ ಒಂದು ಹೋಟೆಲಿನ ಬ್ಯಾಂಡಿಗೆ ಡ್ರಮ್ ಬಾರಿಸುವವನು ಬೇಕಾಗಿದ್ದ. ನಮ್ಮ ಕಡೆಯ ತೋಟದವರ ಕ್ಲಬ್ಬಿನಲ್ಲಿ ನಾನು ಬಾರಿಸುವುದನ್ನು ನೋಡಿದ್ದ ಪಿಯಾನೋದವನೊಬ್ಬ ಅಲ್ಲಿ ನನ್ನ ಹೆಸರು ಹೇಳಿದ್ದ. ಬಾರಿಸಿದ್ದನ್ನು ಟೇಪ್ ಮಾಡಿ ಶನಿವಾರದೊಳಗೆ ಮುಟ್ಟಿಸಿ ಎಂದು ಪತ್ರ ಬಂತು. ನನಗಾಗ ಇಪ್ಪತ್ತಾರು. ಆ ಕೆಲಸ ಬಿಟ್ಟು ಲೋಕದಲ್ಲಿ ಬೇರೆ ಏನೂ ಬೇಕಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿರಬೇಕು. ಚೆಟ್ಟಳ್ಳಿ ಕಡೆಯ ನಮ್ಮ ಮನೆಗೆ ಆಗಷ್ಟೇ ಕರೆಂಟು ಬಂದಿತ್ತು. ಡ್ರಮ್ ಸೆಟ್ಟು, ಇಂಗ್ಲೆಂಡಿಗೆ ವಾಪಸು ಹೊರಟ ಬಿಳಿ ದೊರೆಯೊಬ್ಬ ಕ್ಲಬ್ಬಿಗೆ ಬಿಟ್ಟುಹೋದದ್ದು, ಕೇಳಿ ಮನೆಗೆ ತಂದಿದ್ದೆ. ಟೇಪ್ ರೆಕಾರ್ಡರು ಪಕ್ಕದ ಎಸ್ಟೇಟಿನ ಮ್ಯಾನೇಜರರದ್ದು. ಅದರ ಜೊತೆ ಕೊಟ್ಟದ್ದು ಒಂದು ಮೈಕು, ಟೇಪ್ ಸುತ್ತಿದ ಒಂದೇ ಸ್ಪೂಲು. ಸಂಜೆ ಐದಕ್ಕೆ ಜೀಪು ಬರುತ್ತದೆ, ಮಿಷಿನ್ ತಯಾರಿರಲಿ ಎಂದಿದ್ದರು.

ಬೆಳಗ್ಗೆಯಿಂದ ನಾನೂ ಅಕ್ಕನೂ ಒದ್ದಾಡಿದೆವು. ಒಳಕೋಣೆಯಲ್ಲಿ ಅಪ್ಪ ಉಬ್ಬಸದಿಂದ ಮಲಗಿದ್ದರು. ಆ ವಾರ ಡಾಕ್ಟರು ಎರಡು ಸಲ ಬಂದುಹೋಗಿದ್ದರು. "ಬಾರಿಸು, ನಂಗೆ ಹೇಗೂ ನಿದ್ರೆ ಇಲ್ಲ" ಎಂದು ಅವರೇ ಹೇಳಿದ್ದರಿಂದ ಧೈರ್ಯ ಮಾಡಿದ್ದೆ. ಹಜಾರದಲ್ಲಿ ಬಾರಿಸಿದರೆ ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮು ಉಳಿದ ಸದ್ದನ್ನೆಲ್ಲ ನುಂಗಿಬಿಡುತ್ತಿತ್ತು. ಗೋಡೆಗೆ ಗೋಣಿಚೀಲ ಕಟ್ಟಿದೆವು, ಡ್ರಮ್ಮಿನೊಳಗೆ ಕಂಬಳಿ ತುರುಕಿದೆವು. ಏನೂ ಉಪಯೋಗವಾಗಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ, ಕೋಲು ಎಸೆದೆ.

"ಮೈಕು ಒಳಗಿರ್ಲಿ, ನೀನೇ ಹೊರಗೆ ಹೋಗು" ಎಂದಳು ಅಕ್ಕ.

ಕಾಫಿ ಒಣಗಿಸುವ ಕಣಕ್ಕೆ ಸೆಟ್ಟು ಹೊತ್ತೆವು. ಕಣದ ಕಡೆಗಿದ್ದದ್ದು ಅಪ್ಪನ ಕೋಣೆಯ ಕಿಟಕಿ ಒಂದೇ. ಅದರ ಸರಳಿಗೆ ಮೈಕು ಕಟ್ಟಿ, ಮಿಷಿನ್ ಅವರ ಮಂಚದ ಪಕ್ಕ ಇಟ್ಟು, ಸದ್ದಿನ ಮಟ್ಟ ತೋರಿಸುವ ಮುಳ್ಳು ನೋಡಲು ಅಕ್ಕನನ್ನು ಕೂರಿಸಿದೆ. ಕಂಬಳಿ ತೆಗೆದು ದೊಡ್ಡ ಡ್ರಮ್ಮಿಗೆ ಬೆನ್ನುಬೆನ್ನಿಗೆ ಎರಡು ಒದ್ದೆ. ಎದುರಿನ ಗುಡ್ಡದಿಂದ ಸದ್ದು ತಿರುಗಿ ಬಂತು. ಸಾಲದು ಎಂದು ಅಕ್ಕ ಕೈ ಮಾಡಿದಳು. ಇನ್ನೂ ಬಲವಾಗಿ ಮತ್ತೆರಡು ಒದ್ದೆ.

ನಮ್ಮ ಕಡೆ ಮನೆಯಲ್ಲಿ ಸಾವಾದರೆ ಕೋವಿಯಿಂದ ಬೆನ್ನುಬೆನ್ನಿಗೆ ಎರಡು ಗುಂಡು ಹೊಡೆಯುತ್ತಾರೆ. ಕೇಳಿಸಿಕೊಂಡವರು ಕೈಲಿದ್ದ ಕೆಲಸ ಬಿಟ್ಟು ಆ ಮನೆಗೆ ನಡೆಯುತ್ತಾರೆ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಸಂಗತಿ ಆಗ ನನ್ನ ತಲೆಗೆ ಹೊಳೆಯಲಿಲ್ಲ. ಕಣ್ಣೆಲ್ಲ ಗಡಿಯಾರದ ಮೇಲಿತ್ತು.

ನಾಲ್ಕು ಗಂಟೆಗೆ ಕೈ ಕುದುರಿತು. ಅಕ್ಕ ಮಿಷಿನ್ ಓಡಿಸಿದಳು. ಕೋಲು ಎತ್ತಿದವನು ಗದ್ದೆ ಬದುವಿನ ಕಡೆ ನೋಡಿದೆ. ಬಿಳಿ ಬಟ್ಟೆಯಲ್ಲಿ ಜನ ಸಾಲಾಗಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಚಿಕ್ಕಪ್ಪ. ಬೇಲಿ ಜಗಳದಲ್ಲಿ ಅಪ್ಪನ ಜೊತೆ ಮಾತು ಬಿಟ್ಟು, ಏಳು ವರ್ಷದಿಂದ ನಮ್ಮ ಅಂಗಳ ತುಳಿಯದಿದ್ದವರು. ನಾನು ಕೋಲು ಕೆಳಗಿಟ್ಟು ಎದ್ದೆ. ಅವರು ನನ್ನನ್ನೂ ಡ್ರಮ್ಮನ್ನೂ ನೋಡದೆ ನೇರ ಒಳಗೆ ನುಗ್ಗಿ ಮಂಚದ ಕಾಲ ಬಳಿ ಕುಸಿದರು.

"ಅಣ್ಣಾ, ನನ್ಮೇಲೆ ಸಿಟ್ಟು ಇಟ್ಕೊಂಡೇ ಹೋದ್ಯಲ್ಲ" ಎಂದು ಅತ್ತರು.

ಅಪ್ಪ ಕಣ್ಣು ಬಿಟ್ಟು ತಮ್ಮನ ಕಡೆ ತಿರುಗಿದರು. "ಇನ್ನೂ ಹೋಗ್ಲಿಲ್ಲ ಮಾರಾಯ. ಬಂದದ್ದು ಬಂದೆ, ಕಾಫಿ ಕುಡ್ದು ಹೋಗು."

ಅಂಗಳದಲ್ಲಿದ್ದವರು ನನ್ನ ಜನ್ಮ ಜಾಲಾಡಿದರು. ಅದೆಲ್ಲ ಮುಗಿಯುವಾಗ ನಾಲ್ಕೂವರೆ ದಾಟಿತ್ತು. ಗಾಬರಿಯಲ್ಲಿ ಅಕ್ಕ ಮಿಷಿನ್ ನಿಲ್ಲಿಸಿರಲಿಲ್ಲ. ಸ್ಪೂಲು ಪೂರ್ತಿ ಓಡಿಹೋಗಿತ್ತು. ಹಿಂದಕ್ಕೆ ಸುತ್ತಿ ಸ್ವಲ್ಪ ಹಾಕಿದಾಗ ಚಿಕ್ಕಪ್ಪನ ಅಳು, ಆಮೇಲೆ ಅಪ್ಪನ ಸ್ವರ. ಕಾಫಿ ಲೋಟ ಹಿಡಿದಿದ್ದ ಚಿಕ್ಕಪ್ಪ ಬಾಯಿ ತೆರೆದುಕೊಂಡು ಕೇಳಿಸಿಕೊಂಡರು.

ಅಕ್ಕ ನನ್ನನ್ನು ಪಕ್ಕಕ್ಕೆ ಎಳೆದಳು. "ಅಪ್ಪನ ಮಾತಿದೆ ಇದ್ರಲ್ಲಿ. ಅಳಿಸ್ಬೇಡ."

"ಇನ್ನೊಂದು ಸ್ಪೂಲು ನೀನು ಕೊಡ್ತೀಯ?" ಎಂದು ರೇಗಿದೆ.

ಆ ಮಾತು ಅಳಿಸಿಹೋಗುವಂತೆ ಅದರ ಮೇಲೆಯೇ ಬಾರಿಸಿದೆ. ಕೈ ಎಂದಿನಂತೆ ಓಡಿತು. ಕಾಲು ಮಾತ್ರ ಹೆದರಿತ್ತು, ಮತ್ತೆಲ್ಲಿ ಆಚೆ ಊರಿನವರೂ ಬಂದಾರೋ ಎಂದು ದೊಡ್ಡ ಡ್ರಮ್ಮನ್ನು ಮೆಲ್ಲಗೆ ಮುಟ್ಟಿದೆ. ಮುಗಿಸಿ ಸ್ಪೂಲು ಬಿಚ್ಚುವಾಗ ಜೀಪಿನ ಸದ್ದು ಕೇಳಿಸಿತು.

ಎರಡು ವಾರಕ್ಕೆ ಸ್ಪೂಲು ಅಂಚೆಯಲ್ಲಿ ವಾಪಸು ಬಂತು. ಕೈ ಚೆನ್ನಾಗಿದೆ, ಕಾಲಿನಲ್ಲಿ ಬಲವಿಲ್ಲ ಎಂದು ಬರೆದಿದ್ದರು.

ಮಳೆಗಾಲಕ್ಕೆ ಮೊದಲೇ ಅಪ್ಪ ಹೋದರು. ಎರಡು ಗುಂಡನ್ನು ಚಿಕ್ಕಪ್ಪನೇ ಹೊಡೆದರು. ಕರ್ಮಾಂತರವೆಲ್ಲ ಕಳೆದ ಮೇಲೆ ಒಂದು ಬೆಳಗ್ಗೆ ಬಂದು, "ಅಣ್ಣ ಮಾತಾಡಿದ್ದು ಆ ಟೇಪಲ್ಲಿ ಉಂಟಲ್ಲ, ಒಮ್ಮೆ ಹಾಕು" ಎಂದರು.

"ಮಿಷಿನ್ ವಾಪಸು ಕೊಟ್ಟಾಯ್ತಲ್ಲ ಚಿಕ್ಕಪ್ಪ."

"ಹಾಗಾದ್ರೆ ಟೇಪ್ ನನ್ನತ್ರ ಇರ್ಲಿ."

ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಒಳಗೆ ಹೋಗಿ ತಂದುಕೊಟ್ಟೆ. ಚಿಕ್ಕಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡರು. ಅದನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಮರದ ಪೆಟ್ಟಿಗೆಯಲ್ಲಿ ಕೊನೆಯ ತನಕ ಜೋಪಾನ ಮಾಡಿದರು. ಅವರ ಮನೆಗೆ ಟೇಪ್ ರೆಕಾರ್ಡರು ಬರಲೇ ಇಲ್ಲ. ಬರದಿರಲಿ ಎಂದು ನಾನು ವರ್ಷಗಟ್ಟಲೆ ಬೇಡಿಕೊಂಡೆ.