ಅನುಮೋದನೆಗೆ ಬೆಳಗಾವಿಯ ಕೈ

ಮೊದಲು ಯುದ್ಧವನ್ನು ಖಂಡಿಸೋಣ, ಆಮೇಲೆ ನೀರಿನ ವಿಷಯ ತೆಗೆದುಕೊಳ್ಳೋಣ ಎಂದು ಅಧ್ಯಕ್ಷ ಹೇಳಿದ. ಯುದ್ಧ ಸಮುದ್ರದಾಚೆಯದು, ಭೂಪಟದಲ್ಲಿ ನಾನು ಹುಡುಕಬೇಕಾದಂಥ ದೇಶದ್ದು. ನೀರು ಕಾಲೇಜಿನ ಎರಡನೆಯ ಮಹಡಿಯ ನಲ್ಲಿಯದು. ಪುಣೆಗೆ ಎಂ.ಎ. ಓದಲು ಬಂದ ಹೊಸದರಲ್ಲಿ ನಾನು ಕೂತ ಮೊದಲ ವಿದ್ಯಾರ್ಥಿ ಸಂಘದ ಸಭೆ ಅದು. ಬಾಯಾರಿದವರೆಲ್ಲ ಬಹಳ ಹೊತ್ತು ಯುದ್ಧದ ಬಗ್ಗೆ ವಾದಿಸಿದರು. ಯಾರೂ ನಗಲಿಲ್ಲ. ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಸಂಘವೆಂದರೆ ಗ್ಯಾದರಿಂಗು. ವರ್ಷಕ್ಕೊಮ್ಮೆ ಪೆಂಡಾಲು, ಬಹುಮಾನ ವಿತರಣೆ, ಯಾವ ಡ್ಯಾನ್ಸು ಮೊದಲು ಎಂಬ ಜಗಳ. ಕಾಲೇಜಿನಲ್ಲಿ ರಾಜಕೀಯ ಬೇಡ ಎಂದು ಪ್ರಿನ್ಸಿಪಾಲರು ಪ್ರತಿ ಸಲ ಮೈಕಿನಲ್ಲಿ ಹೇಳುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಪ್ರತಿ ಸಲ ಒಬ್ಬ ಶಾಸಕರು ಕೂತಿರುತ್ತಿದ್ದರು.

ಇಲ್ಲಿ ನಾನಿರುವುದು ಚಿಂಚವಾಡದಲ್ಲಿ, ಕಾರ್ಮಿಕರ ಹಳೆಯ ಕಾಲನಿಯೊಂದರ ಹಿಂದೆ, ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮನೆಯೊಡತಿಯ ಮುಂದಿನ ಕೋಣೆಯಲ್ಲಿ. ಕಾಕು ಜಮಖಂಡಿ ಕಡೆಯವರು, ಮದುವೆಯಾಗಿ ಬಂದು ಇಲ್ಲಿಯವರಾದವರು. ಬಾಗಿಲ ಹೊರಗೆ ಮರಾಠಿ, ಒಲೆಯ ಮುಂದೆ ಕನ್ನಡ. ನೆರೆಮನೆಗೆ ಕಳಿಸಿದರೆ ಭಾಕರಿ, ನನ್ನ ತಾಟಿಗೆ ಬಿದ್ದರೆ ರೊಟ್ಟಿ, ಹಿಟ್ಟು ಒಂದೇ. ಮೊದಲ ವಾರ ಅವಲಕ್ಕಿಯಲ್ಲಿ ಸಕ್ಕರೆ ಕಂಡು ನಾನು ಅತ್ತೆನೆಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಅತ್ತದ್ದು ನಿಜ. ಸಕ್ಕರೆಗಾಗಿ ಅಲ್ಲವೆಂದು ತೋರುತ್ತದೆ. ಆದರೆ ಅವರು ಹೇಳಿ ಹೇಳಿ ಈಗ ನನಗೂ ಸಕ್ಕರೆಯೇ ನೆನಪಾಗುತ್ತದೆ.

ಮರಾಠಿ ಬರುತ್ತದೆಂದು ಧೈರ್ಯದಿಂದ ಬಂದಿದ್ದೆ. ಬೆಳಗಾವಿಯಲ್ಲಿ ನಮ್ಮ ಓಣಿಯ ಅರ್ಧ ಮನೆಗಳು ಮರಾಠಿಯವೇ. ಇಲ್ಲಿ ಬಾಯಿ ತೆರೆದರೆ ಕ್ಯಾಂಟೀನಿನವನೂ ಮುಗುಳ್ನಗುತ್ತಾನೆ: ಬೆಳಗಾವಿ ಮರಾಠಿ. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಹಾಗೆ ನಕ್ಕವರೇ ಚಹಾಕ್ಕೆ ಕರೆದರು.

ಚಹಾ ಕುಡಿಯುವುದು ಕಾಲೇಜಿನ ‘ಕಟ್ಟಾ’ ಮೇಲೆ. ನಮ್ಮ ಕಟ್ಟೆಯೇ, ಆದರೆ ಹಿರಿಯರದ್ದಲ್ಲ, ಓದುವ ಹುಡುಗ ಹುಡುಗಿಯರದ್ದು. ಸಂಘದ ಪ್ರತಿ ಠರಾವೂ ಮೊದಲು ಅಲ್ಲಿ ಹುಟ್ಟುತ್ತದೆ. ಅದಕ್ಕೊಂದು ರೂಢಿಯಿದೆ: ಮಂಡಿಸುವವರ ಸ್ವಂತ ಗುಂಪಿನವರು ಅನುಮೋದಿಸುವಂತಿಲ್ಲ, ಹೊರಗಿನವರೊಬ್ಬರು ಕೈ ಎತ್ತಬೇಕು. ಎತ್ತಿದವರ ಹೆಸರನ್ನೂ ಊರನ್ನೂ ಅಧ್ಯಕ್ಷ ಗಟ್ಟಿಯಾಗಿ ಹೇಳುತ್ತಾನೆ. ಯಾವ ಗುಂಪಿಗೂ ಸೇರದ ನಾನು ಎಲ್ಲರಿಗೂ ಹೊರಗಿನವಳು. ಹೀಗಾಗಿ ಅಧ್ಯಕ್ಷ ಓಂಕಾರ, "ಅಕ್ಷತಾ, ಅನುಮೋದನೆ ನಿಂದು" ಎನ್ನುವುದು ಅಭ್ಯಾಸವಾಯಿತು. ಓಂಕಾರನ ಮರಾಠಿಯನ್ನು ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಅವನು ಹಾಗೇ ಕೇಳಿಸುತ್ತಾನೆ. ನೀರಿಗೆ ಕೈ ಎತ್ತಿದೆ, ಗ್ರಂಥಾಲಯದ ವೇಳೆಗೆ ಎತ್ತಿದೆ, ಶುಲ್ಕದ ವಿರುದ್ಧ ಎತ್ತಿದೆ. ಹೊರಗಿನವಳಾಗಿರುವುದೇ ಒಂದು ಉಪಯೋಗಕ್ಕೆ ಬಂದದ್ದು ಸುಖವೆನಿಸಿತು.

ಯುದ್ಧದ ವಿಷಯ ಇನ್ನೊಮ್ಮೆ ಬಂದಾಗ ಗಣಿತ ವಿಭಾಗದ ಒಬ್ಬ ಕೇಳಿದ: "ನಮ್ಮ ಠರಾವು ಓದಿ ಬಾಂಬು ನಿಲ್ತಾವೇನು?"

ನಾನು ಎದ್ದು ನಿಂತಿದ್ದೆ. "ನಿಲ್ಲೂದಿಲ್ಲ. ಆದ್ರ ಸುಮ್ಮನಿದ್ರೂ ಒಂದು ಕಡೆ ಕುಂತಂಗೇ. ಸಂಘ ಇರೂದು ಬರೇ ನಲ್ಲಿ ರಿಪೇರಿಗಲ್ಲ."

ಚಪ್ಪಾಳೆ ಬಿತ್ತು. ಮನೆಗೆ ಬಂದು ಕಾಕುಗೆ ಹೇಳಿದೆ. "ಯುದ್ಧ ನಿಲ್ಲಿಸಿ ಬಂದ್ಯಾ?" ಎಂದರು. "ಛಲೋ ಆತು. ಈಗ ಗ್ಯಾಸ್ ಬಂದ್ ಮಾಡು, ಹಾಲು ಉಕ್ಕಾಕತ್ತದ."

ಕೆಲವು ತಿಂಗಳಿಗೆ ಗಡಿಯ ವಿಷಯ ಪತ್ರಿಕೆಗಳಲ್ಲಿ ಮತ್ತೆ ಎದ್ದಿತು. ಒಂದು ಮಧ್ಯಾಹ್ನ ಕಟ್ಟಾ ಮೇಲೆ ಓಂಕಾರ ಹೊಸ ಠರಾವು ಓದಿದ: ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು. ಓದಿ ಮುಗಿಸಿ ಅಭ್ಯಾಸದಂತೆ ನನ್ನ ಕಡೆ ತಿರುಗಿದ. "ಅನುಮೋದನೆ ನಿಂದು."

"ಓಂಕಾರ, ನಾ ಬೆಳಗಾವಿಯಾಕಿ."

"ಅದಕ್ಕ ಅಂದೆ. ಹಿಂಗಾದ್ರ ನೀ ಪೂರ್ತಿ ನಮ್ಮಾಕಿ ಆಗ್ತಿ."

ವ್ಯಂಗ್ಯವಿರಲಿಲ್ಲ. ಅರ್ಧ ಚಹಾ ಇದ್ದ ತನ್ನ ಲೋಟವನ್ನು ನನ್ನ ಕಡೆ ಸರಿಸಿದ ಎಂದು ಬರೆಯಬೇಕೆನಿಸುತ್ತದೆ. ಅದು ಬೇರೆ ದಿನದ ಲೋಟ ಇದ್ದೀತು. ಆದರೆ ಆ ದನಿಯ ಅಕ್ಕರೆ ಆ ದಿನದ್ದೇ. ಈ ಊರಿನಲ್ಲಿ ಯಾರಾದರೂ ಹಾಗೆ ಅನ್ನಲೆಂದು ನಾನು ಬಂದಾಗಿನಿಂದ ಕಾದಿದ್ದೆ. ಅಂದಾಗ ಅದಕ್ಕೆ ಬದಲಾಗಿ ನಮ್ಮ ಮನೆ, ಓಣಿ, ಬಸ್ ಸ್ಟ್ಯಾಂಡು ಎಲ್ಲವನ್ನೂ ಕೇಳಿದ್ದ. ಕೊಡದಿದ್ದರೆ ಕಟ್ಟಾ ಮೇಲಿನ ನನ್ನ ಜಾಗ ಹೋಗುತ್ತಿತ್ತು.

ಕಾಕುಗೆ ಇದರಲ್ಲಿ ಗೊಂದಲವೇ ಇರಲಿಲ್ಲ. "ಕಲಿಯೋ ಹುಡುಗರಿಗೆ ರಾಜಕೀಯ ಯಾಕ, ಸಂಘಕ್ಕ ಇದೆಲ್ಲ ಬ್ಯಾಡ ಅಂತ ಹೇಳಿಬಿಡು. ಯಾರ ಜೋಡೀನೂ ಕೆಡೂದಿಲ್ಲ." ಗಣಿತದ ಹುಡುಗನೂ ಲೋಕಲ್ ರೈಲಿನಲ್ಲಿ ಸಿಕ್ಕು ಅದನ್ನೇ ಹೇಳಿದ, ಸ್ವಲ್ಪ ಗೆದ್ದ ಮುಖದಲ್ಲಿ. ದಾರಿ ಸುಲಭವಾಗಿತ್ತು. ಅದಕ್ಕೆ ಅಡ್ಡ ಬಂದದ್ದು ನನ್ನದೇ ಮಾತು. ದೂರದ ದೇಶಕ್ಕಾಗಿ ಸಂಘ ಬಾಯಿ ತೆರೆಯಬೇಕು, ನನ್ನ ಓಣಿಯ ಮಾತು ಬಂದ ಕೂಡಲೇ ನಲ್ಲಿ ರಿಪೇರಿಗೆ ಹೋಗಬೇಕೇ?

ಸಭೆಯಲ್ಲಿ ಮರಾಠಿಯಲ್ಲೇ ಹೇಳಿದೆ: "ಸಂಘ ಈ ವಿಷಯ ತಗೋಬೇಕು. ತಗೊಂಡು ಈ ಠರಾವು ಸೋಲಿಸಬೇಕು. ನೀವು ನಮ್ಮನ್ನ ಕರಕೊಂಡು ಹೋಗಾಕ ನಿಂತೀರಿ. ನಮ್ಮ ಓಣಿಯವರನ್ನ ಯಾರರೆ ಕೇಳಿದಿರೇನು?"

ಹಿಂದಿನಿಂದ ಒಂದು ದನಿ: "ವಿರೋಧ ಸುದ್ದಾ ಮರಾಠಿಯೊಳಗ ಮಾಡಾಕತ್ತಾಳ ನೋಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ನೆನಪು, ನಗದೆಯೂ ಇದ್ದಿರಬಹುದು. ಇನ್ಯಾರೋ ಅನುಮೋದಿಸಿದರು, ಠರಾವು ಪಾಸಾಯಿತು. ವಿರುದ್ಧ ಎದ್ದದ್ದು ನನ್ನ ಕೈ ಒಂದೇ. ಗಣಿತದ ಹುಡುಗ ಯಾವ ಕಡೆಗೂ ಎತ್ತಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ, ನಮ್ಮ ಹಳೆಯ ಕಾಲೇಜಿನಲ್ಲೇ ಓದುತ್ತಿರುವ ತಮ್ಮ ಪ್ರವೀಣ ಉಬ್ಬಿಕೊಂಡು ಬಂದ. "ಅಕ್ಕಾ, ನಿಮ್ಮ ಪುಣೆ ಸಂಘದವರನ್ನ ಖಂಡಿಸಿ ನಮ್ಮ ಗ್ಯಾದರಿಂಗ್ ಸಂಘ ಠರಾವು ಮಾಡೇತಿ. ವಿದ್ಯಾರ್ಥಿಗಳು ರಾಜಕೀಯ ಮಾಡಬಾರದು ಅಂತ ಬರದೇವಿ."

"ಇದು ರಾಜಕೀಯ ಅಲ್ಲೇನೋ?"

"ಇದು ಅಭಿಮಾನ."

"ಅವರು ಹೇಳಿದ್ದು ತಪ್ಪು ಅನ್ನು, ನಾನೂ ಅಂತೀನಿ. ಹೇಳಬಾರದಾಗಿತ್ತು ಅನಬ್ಯಾಡ. ಹೇಳಿದ್ದಕ್ಕ ನಾ ಎದ್ದು ಅಲ್ಲ ಅನ್ನಾಕ ಬಂತು."

"ನೀ ಯಾರ ಕಡೀಯಾಕಿ ಈಗ?"

ಅವ್ವ ಅಡುಗೆಮನೆಯಿಂದ ತಾಟಿನ ಸದ್ದು ಮಾಡಿದಳು. ಊಟಕ್ಕೆ ಕೂತೆವು. ಪಕ್ಕದ ಮನೆಯ ಮರಾಠಿ ಆಯಿ ಎಂದಿನಂತೆ ಕೇಳದೆ ಒಳಗೆ ಬಂದು, ನಾನು ತೆಳ್ಳಗಾಗಿದ್ದೇನೆಂದು ಪುಣೆಯನ್ನು ಬೈದರು.

ಪುಣೆಗೆ ಮರಳಿದಾಗ ಎರಡನೆಯ ಮಹಡಿಯ ನಲ್ಲಿ ಮತ್ತೆ ಒಣಗಿತ್ತು. ಸಭೆ ಸೇರಿತು. ಓಂಕಾರ ಠರಾವು ಓದಿದ, ನನ್ನ ಕಡೆ ತಿರುಗಿದ, ಬಾಯಿ ತೆರೆದವನು ನಿಲ್ಲಿಸಿದ. ನಂತರ ಬೇರೆ ಕಡೆ ನೋಡಿದ. ಗಡಿಯ ಠರಾವಿಗಿಂತ ಆ ನಿಲ್ಲಿಸಿದ ಉಸಿರು ನನಗೆ ಹೆಚ್ಚು ನಾಟಿತು.

ಕೈ ಎತ್ತಿದೆ. "ಅನುಮೋದನೆ ನಂದು."

ನನ್ನ ಮರಾಠಿಗೆ ಯಾರೋ ಮೆಲ್ಲಗೆ ನಕ್ಕರು. ಓಂಕಾರ ಹೆಸರು ಬರೆದುಕೊಂಡ. "ಅನುಮೋದನೆ, ಅಕ್ಷತಾ," ಎಂದ. "ಊರು, ಬೆಳಗಾವಿ."

ಮುಂದೆ ರಾಜ್ಯದ ಹೆಸರು ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ನೀರಿನ ಠರಾವು ಪಾಸಾಯಿತು.