ಅಬ್ಬಾಸಣ್ಣನ ಎಡಗಾಲು

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಕೊಪ್ಪದ ಬಸ್ ನಿಲ್ದಾಣಕ್ಕೆ ತಾಗಿಕೊಂಡಂತಿರುವ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಇಸಿಜಿ ಟೆಕ್ನಿಷಿಯನ್. ಈಗಲೂ ಅದೇ ಕೆಲಸ, ಅದೇ ಕೋಣೆ. ಕೋಣೆಗಿರುವುದು ಒಂದೇ ಕಿಟಕಿ. ಅದು ತೆರೆಯುವುದು ಬಸ್ಸುಗಳು ನಿಲ್ಲುವ ಕಡೆಗೆ.

ಒಂದು ಬೆಳಿಗ್ಗೆ ಹತ್ತಿ, ಜೆಲ್, ಪೇಪರ್ ರೋಲ್ ಎಲ್ಲ ಜೋಡಿಸಿಟ್ಟು ಚಹಾ ಕುಡಿಯುತ್ತಿದ್ದೆ. ಜಯಪುರ ಬಸ್ಸಿನ ಡ್ರೈವರ್ ಅಬ್ಬಾಸಣ್ಣ ಒಳಗೆ ಬಂದರು. ಹಿಂದಿನ ದಿನ ಬಸ್ಸು ಓಡಿಸುತ್ತಿರುವಾಗಲೇ ತಲೆ ಸುತ್ತಿದಂತಾಗಿ ರಸ್ತೆ ಬದಿಗೆ ನಿಲ್ಲಿಸಿದ್ದರಂತೆ. ಹೃದಯ ಸರಿಯಿದೆ ಎಂದು ಡಾಕ್ಟರ್ ಬರೆದುಕೊಟ್ಟರೆ ಸೀಟು, ಇಲ್ಲದಿದ್ದರೆ ತಮ್ಮ ಭಾವಮೈದ ನಾಗೇಶನೇ ಖಾಯಂ ಎಂದು ಬಸ್ಸಿನ ಮಾಲೀಕರು ಹೇಳಿಬಿಟ್ಟಿದ್ದರು. ಆ ಬೆಳಿಗ್ಗೆ ನಾಗೇಶ ಸೀಟಿನಲ್ಲಿ ಕೂತೂ ಆಗಿತ್ತು.

ಮಂಚದ ಮೇಲೆ ಮಲಗಿಸಿ ಕೈಕಾಲಿಗೆ ಕ್ಲಿಪ್ ಹಾಕುವಾಗ ಅವರು ವೈರುಗಳನ್ನೇ ನೋಡುತ್ತಿದ್ದರು.

"ಶಾಕ್ ಹೊಡೆಯೂದಿಲ್ಲ ಅಲ್ದಾ ಸಿಸ್ಟರೇ?"

"ನಾವು ಕರೆಂಟ್ ಕೊಡೂದಿಲ್ಲ ಅಬ್ಬಾಸಣ್ಣ. ನಿಮ್ಮೊಳಗೇ ಇರೂದನ್ನ ನೋಡೂದು ಅಷ್ಟೆ."

"ನಮ್ಮಲ್ಲಿ ನಾಲ್ಕು ಹನಿ ಬಿದ್ರೆ ಕರೆಂಟ್ ಹೋಗ್ತದೆ. ಇದೂ ಹಾಗೇನಾ?"

"ಇದು ಒಂದ್ಸಲ ಹೋದ್ರೆ, ಹೋಯ್ತಾ ಅಂತ ಕೇಳೋಕೆ ನೀವಿರೂದಿಲ್ಲ."

ಹೇಳಬಾರದಿತ್ತು. ಅವರ ಮುಖ ಬಿಳಿಚಿಕೊಂಡಿತು. ಸಮಾಧಾನಕ್ಕೆಂದು ವಿಷಯವನ್ನು ಬಿಡಿಸಿ ಹೇಳಿದೆ. ಹೃದಯದ ಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಜೀವಕೋಶಗಳ ಸಣ್ಣ ಗುಂಪಿದೆ. ಅದು ಕಂಡಕ್ಟರ್ ಇದ್ದ ಹಾಗೆ, ಸೀಟಿ ಊದುತ್ತದೆ. ಸೀಟಿ ತಲುಪಿದ್ದೇ ಸ್ನಾಯುಕೋಶದ ಗೋಡೆಯ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಹಿಂದೆಯೇ ಕ್ಯಾಲ್ಸಿಯಂ ಬಂದು ಕೋಶ ಕುಗ್ಗುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗಿ, ಕೋಶ ಮತ್ತೆ ಮುಂದಿನ ಸೀಟಿಗೆ ಸಿದ್ಧ. ಅಷ್ಟರಲ್ಲಿ ಸುದ್ದಿ ಪಕ್ಕದ ಕೋಶಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ದಾಟಿರುತ್ತದೆ. ಈ ಓಡಾಟವನ್ನೇ ಯಂತ್ರ ಗೆರೆಯಾಗಿ ಬರೆಯುತ್ತದೆ.

"ಹಾಗಾರೆ ಡ್ರೈವರ್ ಯಾರು?"

"ಸ್ನಾಯು."

"ಹೂಂ. ಕಂಡಕ್ಟರ್ ಎಷ್ಟು ಊದಿದ್ರೂ ಎಳೆಯೋನು ಡ್ರೈವರೇ," ಎಂದು ಸ್ವಲ್ಪ ಗೆಲುವಾದರು.

ನಡುಗಿದರೆ ಗೆರೆ ಕೆಡುತ್ತದೆಂದು ನಾನು ಯಾವಾಗಲೂ ಸೊಂಟದಿಂದ ಕೆಳಗೆ ಕಂಬಳಿ ಹೊದಿಸುತ್ತೇನೆ. ಅವರಿಗೂ ಹೊದಿಸಿ ಗುಂಡಿ ಒತ್ತಿದೆ. ಕಾಗದ ನೋಡಿ ನನಗೇ ಹೆದರಿಕೆಯಾಯಿತು. ಹಲವು ಗೆರೆಗಳ ತುಂಬ ಗರಗಸದ ಹಲ್ಲಿನಂತೆ ಪುಟ್ಟ ಪುಟ್ಟ ಅದುರು. ಫ್ಯಾನ್ ಆರಿಸಿದೆ, ಮೊಬೈಲ್ ದೂರವಿಟ್ಟೆ, ಜೆಲ್ ಒರೆಸಿ ಹೊಸದಾಗಿ ಹಚ್ಚಿದೆ. ಮತ್ತೆ ಅದೇ.

ಡಾಕ್ಟರಮ್ಮನಿಗೆ ಒಯ್ದು ತೋರಿಸಿದೆ. ಅವರ ಮುಂದೆ ರೋಗಿಗಳ ಸಾಲು. ಒಮ್ಮೆ ಕಣ್ಣು ಹಾಯಿಸಿ, "ಮತ್ತೊಂದು ತೆಗೀರಿ. ಹೀಗೇ ಬಂದ್ರೆ ಶಿವಮೊಗ್ಗಕ್ಕೆ ಕಳಿಸೋಣ, ಆಂಬ್ಯುಲೆನ್ಸ್‌ಗೆ ಹೇಳಿಡಿ," ಎಂದರು.

ಆಂಬ್ಯುಲೆನ್ಸ್‌ಗೆ ಹೇಳಿ ಕೋಣೆಗೆ ಮರಳಿದೆ.

"ಎಂತಾಯ್ತು ಸಿಸ್ಟರೇ? ಸೀಟು ಹೋಯ್ತಾ?" ಅಬ್ಬಾಸಣ್ಣನಿಗೆ ಜೀವಕ್ಕಿಂತ ಸೀಟಿನದೇ ಚಿಂತೆ.

ಅವರ ನಾಡಿ ಹಿಡಿದೆ. ಗಡಿಯಾರದ ಹಾಗೆ ನಡೆಯುತ್ತಿತ್ತು. ಆಗ ಕಾಗದವನ್ನು ಮತ್ತೆ ನಿಧಾನಕ್ಕೆ ನೋಡಿದೆ. ಎರಡು ಕೈಗಳ ನಡುವಿನ ವಿದ್ಯುತ್ತನ್ನು ಬರೆಯುವ ಮೊದಲನೆಯ ಗೆರೆ ಸ್ವಚ್ಛವಾಗಿತ್ತು. ಅದುರಿದ್ದು ಎಡಗಾಲು ಸೇರುವ ಎರಡನೆಯ ಮತ್ತು ಮೂರನೆಯ ಗೆರೆಗಳು. ಹೃದಯ ನಡುಗಿದರೆ ಎಡಗಾಲಿಗೆ ಮಾತ್ರ ಗೊತ್ತಾಗುವುದೇ?

ಅಷ್ಟರಲ್ಲಿ ಕಿಟಕಿಯಾಚೆ 'ಕರ್ರ್‌ರ್' ಎಂದು ಗೇರ್ ಕಿರುಗುಟ್ಟಿತು. ಇಕ್ಕಟ್ಟಿನಲ್ಲಿ ಸಿಕ್ಕ ಬಸ್ಸನ್ನು ತಿರುಗಿಸಲು ಯಾರೋ ಆಗಿನಿಂದಲೂ ಹಿಂದೆ ಮುಂದೆ ಮಾಡುತ್ತಿದ್ದರು. ಇತ್ತ ಕಂಬಳಿಯ ಎಡತುದಿ ಮುಂದಕ್ಕೆ ಚಾಚಿಕೊಂಡಿತು.

ಕಂಬಳಿ ಎತ್ತಿದೆ. ಅಬ್ಬಾಸಣ್ಣನ ಎಡ ಪಾದ ಮಂಚದ ಸರಳಿಗೆ ಒತ್ತಿಕೊಂಡು, ಮೀನಖಂಡ ಬಿಗಿದು ಅದುರುತ್ತಿತ್ತು.

"ಎಂತ ಮಾಡ್ತಿದ್ದೀರಿ ಇದು?"

"ನಾನೆಂತ ಮಾಡ್ಲಿ ಸಿಸ್ಟರೇ! ಅದು ನನ್ನ ಬಸ್ಸು. ನಾಗೇಶ ಕ್ಲಚ್ ಅರ್ಧ ಒತ್ತಿ ಗೇರ್ ಹಾಕ್ತಿದ್ದಾನೆ. ಪೂರ್ತಿ ಒತ್ತೋ ಮಾರಾಯಾ!" ಎಂದು ಕಿಟಕಿಯತ್ತ ಕೂಗಿದರು. ಕಾಲು ಮತ್ತೆ ಸರಳಿಗೆ ಒತ್ತಿತು.

ಕಾಲಿನ ಸ್ನಾಯು ಬಿಗಿದಾಗಲೂ ವಿದ್ಯುತ್ತು ಹುಟ್ಟುತ್ತದೆ. ಅದು ಎದೆಯದೋ ಮೀನಖಂಡದ್ದೋ ಎಂದು ಯಂತ್ರ ಕೇಳುವುದಿಲ್ಲ, ಬಂದದ್ದನ್ನು ಬರೆಯುತ್ತದೆ. ನಡುಕ ತಪ್ಪಿಸಲು ನಾನು ಹೊದಿಸಿದ ಕಂಬಳಿಯೇ ನಡುಕವನ್ನು ಮುಚ್ಚಿಟ್ಟಿತ್ತು.

ಬಸ್ಸು ಹೊರಟು ಸದ್ದಡಗುವವರೆಗೆ ಕಾದೆ. ಕಿಟಕಿ ಮುಚ್ಚಿ, ಆ ಕಾಲಿನ ಕೆಳಗೊಂದು ದಿಂಬು ಇಟ್ಟು, ಮತ್ತೊಮ್ಮೆ ಗುಂಡಿ ಒತ್ತಿದೆ. ಹನ್ನೆರಡು ಲೀಡೂ, ಅಂದರೆ ಹನ್ನೆರಡು ಗೆರೆಗಳೂ, ಸ್ವಚ್ಛ. ಡಾಕ್ಟರಮ್ಮ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಕನ್ನಡಕ ತೆಗೆದು ಕಣ್ಣೊರೆಸುವಷ್ಟು ನಕ್ಕರು. ಬಿಪಿ, ಶುಗರ್ ಎಲ್ಲ ನೋಡಿದ ಮೇಲೆ, ಬರೀ ಚಹಾ ಕುಡಿದು ಮಧ್ಯಾಹ್ನದವರೆಗೆ ಓಡಿಸಿದ್ದೇ ತಲೆಸುತ್ತಿಗೆ ಕಾರಣ, ತಿಂಡಿ ತಿಂದೇ ಹತ್ತಬೇಕು ಎಂದು ಬೈದು, ಹೃದಯ ಸರಿಯಿದೆಯೆಂದು ಚೀಟಿ ಬರೆದುಕೊಟ್ಟರು. ಆಂಬ್ಯುಲೆನ್ಸ್ ಬೇಡವೆಂದು ನಾನೇ ಹೋಗಿ ಹೇಳಿ, ಡ್ರೈವರನ ಗೊಣಗಾಟ ಕೇಳಿ ಬಂದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾಗದ ಓದಿ ಹೆದರುವ ಮೊದಲು ಕಂಬಳಿ ಎತ್ತಿ ನೋಡಬೇಕು. ಈಗ ಮಲಗಿಸುವ ಮುಂಚೆಯೇ ಏನು ಕೆಲಸ ಎಂದು ಕೇಳುತ್ತೇನೆ. ಟೈಲರ್ ಆದರೆ ಎರಡೂ ಪಾದದ ಮೇಲೆ ಕಣ್ಣಿಟ್ಟಿರುತ್ತೇನೆ. ಕಿಟಕಿಯನ್ನು ಮಾತ್ರ ಮುಚ್ಚುವುದಿಲ್ಲ. ಅಬ್ಬಾಸಣ್ಣ ಓಡಿಸುವ ಜಯಪುರ ಬಸ್ಸು ದಿನವೂ ಅಲ್ಲಿಂದಲೇ ಹೊರಡುತ್ತದೆ, ಗೇರ್ ಬಿದ್ದದ್ದು ಯಾರಿಗೂ ಕೇಳಿಸುವುದಿಲ್ಲ.