ತುಪ್ಪ ತಿಂದವರ ರಕ್ತ

ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಸೂಜಿ ಕೈಗೆತ್ತಿಕೊಂಡದ್ದೇ ತಡ, ಐದು ವರ್ಷದ ನನ್ನ ಮಗಳು ಪಕ್ಕದಲ್ಲಿದ್ದ ಅಜ್ಜಿಯತ್ತ ಬೆರಳು ತೋರಿಸಿದಳು.

“ಅಜ್ಜೀದು ತಗೊಳ್ಳಿ! ನನ್ ತುಪ್ಪಾನೂ ಅವಳೇ ತಿಂತಾಳೆ!”

ಮಗುವಿನ ಮೊಣಕೈ ಮಡಿಕೆಯಲ್ಲಿ ಇಸುಬು ಎದ್ದಾಗಿನಿಂದ, ರಕ್ತದಲ್ಲಿ ಕೊಬ್ಬು ಹೆಚ್ಚಾದರೆ ಚರ್ಮಕ್ಕೆ ಬರುತ್ತದೆಂದು ನಮ್ಮತ್ತೆ ಅವಳ ಮುದ್ದೆಗೆ ತುಪ್ಪ ನಿಲ್ಲಿಸಿದ್ದರು; ರಕ್ತ ಪರೀಕ್ಷೆ ಆಗಲೇಬೇಕೆಂದು ಹಟ ಹಿಡಿದವರೂ ಅವರೇ. ಡಾಕ್ಟರು ನಗು ತಡೆದುಕೊಂಡು ಇಬ್ಬರ ರಕ್ತವನ್ನೂ ತೆಗೆದರು. ವಾರ ಬಿಟ್ಟು ನಮ್ಮೂರು ಬಂಗಾರಪೇಟೆಯಿಂದ ಮತ್ತೆ ಹೋದಾಗ ಗೊತ್ತಾಯಿತು: ಮಗುವಿನದು ಸರಿಯಾಗಿತ್ತು, ಕೊಬ್ಬು ಏರಿದ್ದು ಅತ್ತೆಯ ರಕ್ತದಲ್ಲಿ.

“ಇಸುಬು ಅವಳ್ಗೆ, ಕೊಬ್ಬು ನಂಗಾ? ಇದ್ಯಾವ ನ್ಯಾಯ ಸಾಮೀ!” ಎಂದರು ಅತ್ತೆ.

ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಾ ಹಚ್ಚುತ್ತಾ ಮಗಳ ತುರಿಕೆ ಇಳಿಯಿತು. ಆಮೇಲೆ ಯಾರಿಗೇ ಪಥ್ಯ ಹೇಳುವ ಮುಂಚೆಯೂ ಅತ್ತೆ ಒಮ್ಮೆ ಮೊಮ್ಮಗಳ ಮುಖ ನೋಡುತ್ತಿದ್ದರು.